ಚೀಟಿಯ ಮೇಲೆ ತಪ್ಪು ಕಂಪ್ಯೂಟರಿನ ಹೆಸರು: ರಿಮೋಟ್ ಹೋಸ್ಟ್‌ನೇಮ್ ದೋಷವನ್ನು ಹುಡುಕಿದ ಬಗೆ

ಜನವರಿ ತಿಂಗಳು, ತೊಗರಿ ಸುಗ್ಗಿ. ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್ಲಿನಲ್ಲಿ, ಮುನೀಮರ ಮೇಜಿನ ಮುಂದೆ ಕಾಟಾದ (ಗಾಡಿ ತೂಗುವ ಯಂತ್ರದ) ಹುಡುಗ ತಲೆ ತಗ್ಗಿಸಿ ನಿಂತಿದ್ದ. ಹಿಂದಿನ ಎರಡು ವಾರ ಕಾಟಾ-1ರಿಂದ ಹೊರಟ ಕೆಲವು ಚೀಟಿಗಳ ನೆಟ್ ತೂಕಕ್ಕೂ ಗೋದಾಮಿನ ಚೀಲದ ಲೆಕ್ಕಕ್ಕೂ ಹೊಂದಿಕೆ ಆಗುತ್ತಿರಲಿಲ್ಲ. ಚೀಟಿಯ ಕೆಳಗಿನ ಸಾಲಿನಲ್ಲಿ ‘ಕಂಪ್ಯೂಟರ್: ಕಾಟಾ-1’ ಎಂದು ಅಚ್ಚಾಗಿತ್ತು. ಕಾಟಾ-1 ಅಂದರೆ ಗೇಟಿನ ಕಾಟಾ, ಗೇಟಿನ ಕಾಟಾ ಅಂದರೆ ಈ ಹುಡುಗ.

ನನ್ನನ್ನು ಕರೆಸಿದ್ದು ಚೀಟಿಗಳ ಪಟ್ಟಿ ತೆಗೆದುಕೊಡಲು ಮಾತ್ರ. ಹುಡುಗ ಅಂಗಿ ಕಿಸೆಯಿಂದ ಮಡಿಚಿದ ಒಂದು ಚೀಟಿ ತೆಗೆದು ನನ್ನ ಮುಂದೆ ಇಟ್ಟ.

“ಸರ್, ಇದು ನಿನ್ನೆ ನಾ ಕೊಟ್ಟ ಚೀಟಿ ನೋಡ್ರಿ. ಇದರಾಗ ಹೆಸರೇ ಇಲ್ಲ, ಬರೇ ನಂಬರ್ ಬರ್ಲಾಕತ್ತದ. ಕಾಟಾ-1 ಅಂತ ಬಂದಾವಲ್ಲ, ಅವು ನನ್ನವಲ್ರಿ. ನನ್ನ ಕಂಪ್ಯೂಟರ್ ರಿಪೇರಿಗೆ ಹೋಗಿ ಹದಿನೈದು ದಿನ ಆತು.”

“ಚೀಟಿ ಸುಳ್ಳ ಹೇಳ್ತದೇನೋ ತಮ್ಮಾ?” ಅಂದರು ಮುನೀಮರು.

ಹೇಳಿತ್ತು. ಆ ಸಾಲನ್ನು ಅಚ್ಚು ಹಾಕುವ ಕೋಡ್ ಬರೆದವನು ನಾನು. ಆ ದಿನ ಮಧ್ಯಾಹ್ನದಿಂದ ಮರುದಿನ ಸಂಜೆಯವರೆಗೆ ಹುಡುಕಿದ್ದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನಿಮ್ಮ ವೆಬ್ ಅಪ್ಲಿಕೇಶನ್ ಕೂಡ ಎದುರಿನ ಕಂಪ್ಯೂಟರಿನ ಹೆಸರನ್ನು (ರಿಮೋಟ್ ಹೋಸ್ಟ್‌ನೇಮ್) ಎಲ್ಲಾದರೂ ಬರೆದಿಡುತ್ತಿದ್ದರೆ, ಚೀಟಿಯಲ್ಲಿರಲಿ, ಲಾಗ್ ಎಂಬ ದಾಖಲೆ ಫೈಲಿನಲ್ಲಿರಲಿ, ಇದನ್ನು ಪೂರ್ತಿ ಓದಿ ಎಂದು ಕೇಳಿಕೊಳ್ಳುತ್ತೇನೆ.

ಹೆಸರು ಎಲ್ಲಿಂದ ಬರುತ್ತದೆ

ಪುಟ ಕೇಳಲು ಬ್ರೌಸರ್ ಸರ್ವರಿಗೆ ಕಳಿಸುವ ಎಚ್‌ಟಿಟಿಪಿ ವಿನಂತಿಯಲ್ಲಿ ಆ ಕಂಪ್ಯೂಟರಿನ ಹೆಸರು ಎಲ್ಲಿಯೂ ಇರುವುದಿಲ್ಲ. ಪುಟದೊಳಗಿನ ಜಾವಾಸ್ಕ್ರಿಪ್ಟಿಗೂ ಅದನ್ನು ಓದುವ ದಾರಿ ಇಲ್ಲ. ವಿನಂತಿಯ ಜೊತೆ ಹೋಗುವ ವಿವರದ ಸಾಲುಗಳಲ್ಲಿ ಹೋಸ್ಟ್ ಎಂಬ ಹೆಡರ್ ಒಂದಿದೆ, ಆದರೆ ಅದರಲ್ಲಿರುವುದು ಬಳಕೆದಾರ ಬ್ರೌಸರಿನ ಅಡ್ರೆಸ್ ಬಾರಿನಲ್ಲಿ ಬರೆದ ನಮ್ಮದೇ ಸರ್ವರಿನ ಹೆಸರು. ಕೆಲಸ ಕಲಿಯಲು ನಮ್ಮಲ್ಲಿಗೆ ಬಂದ ಒಬ್ಬ ಹುಡುಗಿ ಆ ಹೆಡರನ್ನೇ ಓದಿ, “ಎಲ್ಲಾರದೂ ಒಂದೇ ಹೆಸರು ಬರ್ತದಲ್ರಿ ಸರ್” ಎಂದು ಅರ್ಧ ದಿನ ತಲೆ ಕೆಡಿಸಿಕೊಂಡಿದ್ದಳು. ಮೊದಲ ಸಲ ಎಲ್ಲರೂ ಎಡವುವ ಜಾಗ ಅದು.

ಸರ್ವರಿಗೆ ನಿಜವಾಗಿ ಗೊತ್ತಿರುವುದು ಒಂದೇ: ಟಿಸಿಪಿ ಸಂಪರ್ಕ ಯಾವ ಐಪಿ ವಿಳಾಸದಿಂದ, ಅಂದರೆ ಜಾಲದೊಳಗಿನ ಯಾವ ಅಂಕಿಯ ವಿಳಾಸದಿಂದ ಬಂತು ಎಂಬುದು. ಡಿಎನ್‌ಎಸ್ ಎಂದರೆ ಹೆಸರು ಕೊಟ್ಟರೆ ವಿಳಾಸ ಹೇಳುವ ವ್ಯವಸ್ಥೆ. ಹೆಸರು ಬೇಕೆಂದರೆ ಆ ವಿಳಾಸ ಹಿಡಿದು ಅದನ್ನು ಉಲ್ಟಾ ಕೇಳಬೇಕು. ಈ ಹುಡುಕಾಟವೇ ಲುಕಪ್. 192.168.10.27 ಎಂಬ ವಿಳಾಸವನ್ನು ಹಿಂದುಮುಂದು ಮಾಡಿ 27.10.168.192.ಇನ್-ಆಡರ್.ಆರ್ಪಾ ಎಂಬ ಹೆಸರಾಗಿಸಿ, ಅದರ ಮುಂದಿರುವ, ವಿಳಾಸದಿಂದ ಹೆಸರು ಹೇಳುವ ಪಿಟಿಆರ್ ದಾಖಲೆ ಓದುತ್ತಾರೆ. 1987ರ ಆರ್‌ಎಫ್‌ಸಿ 1035 ಎಂಬ ಅಂತರಜಾಲದ ನಿಯಮಪತ್ರದಲ್ಲಿ ಬರೆದಿಟ್ಟ ಈ ಪದ್ಧತಿ ಇವತ್ತಿಗೂ ಹಾಗೆಯೇ ನಡೆದಿದೆ. ಐಪಿವಿ6 ವಿಳಾಸಗಳಿಗೆ ಐಪಿ6.ಆರ್ಪಾ ಎಂಬ ಬೇರೆ ಕೊಂಬೆ, ಅಷ್ಟೇ.

ಇದನ್ನು ನಾನು ಪಹಣಿಗೆ ಹೋಲಿಸುತ್ತೇನೆ. ಸರ್ವೆ ನಂಬರ್ ಕೊಟ್ಟರೆ ಪಹಣಿ ಒಂದು ಹೆಸರು ತೋರಿಸುತ್ತದೆ. ಇವತ್ತು ಆ ಹೊಲದಲ್ಲಿ ನಿಂತು ತೊಗರಿ ಕೊಯ್ಯುತ್ತಿರುವವನು ಅವನೇ ಎಂದು ಪಹಣಿ ಹೇಳುವುದಿಲ್ಲ. ಅಜ್ಜ ತೀರಿಹೋಗಿ ಇಪ್ಪತ್ತು ವರ್ಷವಾದರೂ ಮ್ಯುಟೇಶನ್ ಆಗದೆ ಅಜ್ಜನ ಹೆಸರೇ ಉಳಿದಿರುವುದುಂಟು. ಪಿಟಿಆರ್ ದಾಖಲೆಯೂ ಅಂಥದ್ದೇ. ಎದುರಿನ ಕಂಪ್ಯೂಟರ್ ತನ್ನ ಹೆಸರನ್ನು ತಾನು ಹೇಳಿಲ್ಲ. ಆ ವಿಳಾಸದ ಮುಂದೆ ಯಾರೋ ಯಾವಾಗಲೋ ಬರೆದಿಟ್ಟ ಹೆಸರನ್ನು ನಾವು ಓದುತ್ತಿದ್ದೇವೆ.

ಮೊದಲು ದೋಷದ ರೂಪ ನೋಡಿ

ಕೋಡ್ ತೆರೆಯುವ ಮೊದಲು ಹೆಸರಿನ ಜಾಗದಲ್ಲಿ ಏನು ಬಂದಿದೆ ಎಂದು ನೋಡಿ. ಎಲ್ಲರಿಗೂ ಒಂದೇ ಹೆಸರು ಬಂದಿದ್ದರೆ ನಡುವೆ ಪ್ರಾಕ್ಸಿ, ಅಂದರೆ ವಿನಂತಿಯನ್ನು ತಾನು ಪಡೆದು ಮುಂದಕ್ಕೆ ಕಳಿಸುವ ಸರ್ವರ್, ಇದೆ. ಬರೇ ಅಂಕಿ ಬಂದಿದ್ದರೆ ಲುಕಪ್ ನಡೆದಿಲ್ಲ, ಇಲ್ಲವೇ ನಡೆದು ಸೋತಿದೆ. ಹೆಸರು ಸರಿಯಾಗಿದ್ದು ಪುಟ ಮಾತ್ರ ತಡವಾಗಿ ತೆರೆಯುತ್ತಿದ್ದರೆ ಡಿಎನ್‌ಎಸ್ ಸರ್ವರುಗಳ ಪಟ್ಟಿಯಲ್ಲಿ ಸತ್ತ ವಿಳಾಸ ಇದೆ. ಇನ್ನು ತಪ್ಪು ಹೆಸರು. ನೋಡಲು ಅದರಲ್ಲಿ ಯಾವ ದೋಷವೂ ಕಾಣುವುದಿಲ್ಲ, ಅದಕ್ಕೇ ಅದು ಎಲ್ಲಕ್ಕಿಂತ ಅಪಾಯ. ನಮ್ಮ ಮಿಲ್ಲಿನಲ್ಲಿ ಈ ನಾಲ್ಕೂ ಒಂದರ ಹಿಂದೆ ಒಂದು ಬಂದವು.

ಪ್ರತಿ ಹಂತದಲ್ಲೂ ಒಂದು ಕೆಲಸ ತಪ್ಪಿಸಬೇಡಿ: ವಿಳಾಸ ಮತ್ತು ಹೆಸರು ಎರಡನ್ನೂ ಒಟ್ಟಿಗೆ ಲಾಗಿನಲ್ಲಿ ಬರೆಯಿರಿ. ನಾನು ಹೆಸರನ್ನಷ್ಟೇ ಇಟ್ಟು ವಿಳಾಸವನ್ನು ಚೀಟಿಯ ದಾಖಲೆಯಲ್ಲಿ ಉಳಿಸಿರಲಿಲ್ಲ. ಮುಂದೆ ಪಟ್ಟ ಕಷ್ಟದಲ್ಲಿ ಅರ್ಧ ಅದರಿಂದ ಬಂದದ್ದು.

ಎಲ್ಲರದೂ ‘ಲೋಕಲ್‌ಹೋಸ್ಟ್’

ನಮ್ಮ ಅಪ್ಲಿಕೇಶನ್ ಜಾವಾ ಭಾಷೆಯದು, ಟಾಮ್‌ಕ್ಯಾಟ್ ಎಂಬ ಸರ್ವರ್ ಮೇಲೆ ಓಡುತ್ತದೆ. ಕೋಡಿನಲ್ಲಿ ರಿಕ್ವೆಸ್ಟ್ ಆಬ್ಜೆಕ್ಟಿನ ಗೆಟ್‌ರಿಮೋಟ್‌ಹೋಸ್ಟ್ ಕರೆದು ಬಂದದ್ದನ್ನು ಚೀಟಿಗೆ ಹಾಕುತ್ತಿದ್ದೆ. ಈ ಚೀಟಿಯ ಗಲಾಟೆಗೂ ಮೊದಲೊಮ್ಮೆ, ಎಚ್‌ಟಿಟಿಪಿಎಸ್ ಬೇಕೆಂದು ಅದರ ಮುಂದೆ ಎಂಜಿನ್‌ಎಕ್ಸ್ ಎಂಬ ಪ್ರಾಕ್ಸಿ ಕೂರಿಸಿದ ದಿನವೇ ಎಲ್ಲ ಚೀಟಿಗಳಲ್ಲೂ 127.0.0.1, ಅಂದರೆ ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸ, ಬರತೊಡಗಿತು. ಲುಕಪ್ ಆನ್ ಇದ್ದಿದ್ದರೆ ‘ಲೋಕಲ್‌ಹೋಸ್ಟ್’ ಎಂದು ಬರುತ್ತಿತ್ತು. ತಪ್ಪು ಟಾಮ್‌ಕ್ಯಾಟಿನದಲ್ಲ. ಅದರ ಬಾಗಿಲು ತಟ್ಟಿದ್ದು ಎಂಜಿನ್‌ಎಕ್ಸ್, ಹಾಗಾಗಿ ಎಂಜಿನ್‌ಎಕ್ಸಿನ ವಿಳಾಸವನ್ನೇ ಅದು ಹೇಳಿತು. ಅಪ್ಲಿಕೇಶನ್ನನ್ನು ಡಾಕರ್ ಎಂಬ ಕಂಟೇನರ್ ಒಳಗೆ ಓಡಿಸುವವರಿಗೆ ಇದೇ ದೋಷ 172.17.0.1 ಎಂಬ ರೂಪದಲ್ಲಿ ಕಾಣಬಹುದು.

ಇದಕ್ಕೆ ಎರಡೂ ಕಡೆ ಕೈ ಹಾಕಬೇಕು. ಪ್ರಾಕ್ಸಿಯು ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರಿನಲ್ಲಿ ನಿಜವಾದ ವಿಳಾಸ ಕಳಿಸಬೇಕು, ಟಾಮ್‌ಕ್ಯಾಟಿನಲ್ಲಿ ರಿಮೋಟ್‌ಐಪಿವಾಲ್ವ್ ಎಂಬ ಭಾಗ ಹಾಕಿ ಅದನ್ನು ಓದಿಸಬೇಕು. ಅಪಾಚೆ ಸರ್ವರ್ ಆದರೆ ಮಾಡ್‌_ರಿಮೋಟ್‌ಐಪಿ ಮಾಡ್ಯೂಲ್ ಇದೆ. ಇದೇ ಕೆಲಸಕ್ಕೆ 2014ರ ಆರ್‌ಎಫ್‌ಸಿ 7239 ‘ಫಾರ್ವರ್ಡೆಡ್’ ಎಂಬ ಹೆಡರನ್ನು ಪ್ರಮಾಣವಾಗಿ ಕೊಟ್ಟಿದೆ, ಆದರೆ ನಾನು ಕೈ ಹಾಕಿದ ಸರ್ವರುಗಳಲ್ಲಿ ಹಳೆಯ ಹೆಡರೇ ಓಡುತ್ತಿದೆ.

ಇಲ್ಲಿ ಒಂದು ಗುಂಡಿ ಇದೆ, ಕಚೇರಿಯೊಳಗಿನ ಜಾಲದಲ್ಲಿ ಕೆಲಸ ಮಾಡುವವರು ವಿಶೇಷವಾಗಿ ನೋಡಿಕೊಳ್ಳಬೇಕಾದದ್ದು. ಆ ಹೆಡರನ್ನು ಯಾರು ಬೇಕಾದರೂ ಬರೆದು ಕಳಿಸಬಹುದು. ಅದಕ್ಕಾಗಿಯೇ ವಾಲ್ವ್ ಆ ಹೆಡರಿನ ವಿಳಾಸಗಳ ಪಟ್ಟಿಯನ್ನು ಬಲಗಡೆಯಿಂದ ಓದುತ್ತಾ, ನಂಬಿಕೆಯ ಪ್ರಾಕ್ಸಿಗಳನ್ನು ದಾಟಿ, ಮೊದಲು ಸಿಗುವ ಹೊರಗಿನ ವಿಳಾಸದಲ್ಲಿ ನಿಲ್ಲುತ್ತದೆ. ಆದರೆ ಇಂಟರ್ನಲ್‌ಪ್ರಾಕ್ಸೀಸ್ ಎಂಬ ಸೆಟ್ಟಿಂಗನ್ನು ಮುಟ್ಟದೆ ಬಿಟ್ಟರೆ 10, 192.168 ಮತ್ತು 172.16ರಿಂದ 172.31ರವರೆಗಿನ ಖಾಸಗಿ ವಿಳಾಸಗಳೆಲ್ಲ ಅದರ ಕಣ್ಣಿಗೆ ನಂಬಿಕೆಯ ಪ್ರಾಕ್ಸಿಗಳೇ. ನಮ್ಮ ಕಾಟಾಗಳೆಲ್ಲ 192.168ರಲ್ಲೇ ಇವೆ. ಅಂದರೆ ಕಾಟಾದ ಕಂಪ್ಯೂಟರಿನಿಂದ ಯಾರಾದರೂ ಆ ಹೆಡರಿನಲ್ಲಿ ಬೇರೊಂದು ವಿಳಾಸ ಬರೆದು ಕಳಿಸಿದರೆ, ವಾಲ್ವ್ ಕಾಟಾದ ವಿಳಾಸವನ್ನು ‘ನಮ್ಮದೇ ಪ್ರಾಕ್ಸಿ’ ಎಂದು ದಾಟಿ ಆ ಬರೆದ ವಿಳಾಸಕ್ಕೆ ಹೋಗುತ್ತದೆ. ಕರ್ಲ್ ಎಂಬ ಆದೇಶದಿಂದ ಒಮ್ಮೆ ಇಂಥ ಹೆಡರ್ ಸೇರಿಸಿ ನೀವೇ ಪರೀಕ್ಷಿಸಿ. ನಾನು ಇಂಟರ್ನಲ್‌ಪ್ರಾಕ್ಸೀಸ್‌ನಲ್ಲಿ 127.0.0.1 ಒಂದನ್ನೇ ಉಳಿಸಿದೆ. ಎಂಜಿನ್‌ಎಕ್ಸಿನಲ್ಲಿಯೂ ಬಂದ ಹೆಡರಿಗೆ ವಿಳಾಸ ಸೇರಿಸುವ ಬದಲು, ಹಳೆಯದನ್ನು ತೆಗೆದುಹಾಕಿ ಡಾಲರ್-ರಿಮೋಟ್‌_ಆಡರ್ (ತನ್ನನ್ನು ಸಂಪರ್ಕಿಸಿದ ಯಂತ್ರದ ವಿಳಾಸ) ಒಂದನ್ನೇ ಬರೆಯುವಂತೆ ಮಾಡಿದೆ. ಎಂಜಿನ್‌ಎಕ್ಸಿನ ಮುಂದೆ ಇನ್ನೊಂದು ಪ್ರಾಕ್ಸಿ ಇಲ್ಲದಿದ್ದಾಗ ಮಾತ್ರ ಹೀಗೆ ಮಾಡಬಹುದು.

ಹೆಸರಿನ ಜಾಗದಲ್ಲಿ ಅಂಕಿ

ವಿಳಾಸ ಸರಿಯಾಯಿತು, ಈಗ 192.168.10.41 ಎಂದು ಬರುತ್ತಿದೆ, ಹೆಸರಿಲ್ಲ. ಇದು ದೋಷವೇ ಅಲ್ಲದಿರಬಹುದು. ಹೆಸರು ಸಿಗದಿದ್ದರೆ, ಅಥವಾ ಹುಡುಕುವುದೇ ಬೇಡ ಎಂದು ಸರ್ವರ್ ತೀರ್ಮಾನಿಸಿದ್ದರೆ, ಐಪಿ ವಿಳಾಸವನ್ನೇ ಕೊಡಬಹುದು ಎಂದು ಗೆಟ್‌ರಿಮೋಟ್‌ಹೋಸ್ಟ್‌ನ ನಿಯಮದಲ್ಲೇ ಇದೆ. ಈಗಿನ ಟಾಮ್‌ಕ್ಯಾಟಿನಲ್ಲಿ ಕನೆಕ್ಟರಿನ ಎನೇಬಲ್‌ಲುಕಪ್ಸ್ ಸೆಟ್ಟಿಂಗ್ ಮೊದಲಿನಿಂದಲೇ ಆಫ್ ಇರುತ್ತದೆ. ಹಳೆಯ ಟಾಮ್‌ಕ್ಯಾಟ್ 6ರಲ್ಲಿ ಆನ್ ಇರುತ್ತಿತ್ತು. ಹಾಗಾಗಿ ಹಳೆಯ ಸರ್ವರಿನಿಂದ ಹೊಸದಕ್ಕೆ ಸ್ಥಳಾಂತರಿಸಿದ ದಿನವೇ ಹೆಸರು ಹೋಗಿ ಅಂಕಿ ಬರುವುದುಂಟು, ಕೋಡಿನಲ್ಲಿ ಒಂದಕ್ಷರ ಬದಲಾಗಿರುವುದಿಲ್ಲ. ರಿಮೋಟ್‌ಐಪಿವಾಲ್ವ್‌ನ ಹಳೆಯ ಆವೃತ್ತಿಗಳು ಇನ್ನೊಂದು ಕೆಲಸ ಮಾಡುತ್ತಿದ್ದವು: ಲುಕಪ್ ಆನ್ ಇದ್ದರೂ ಹೆಸರಿನ ಜಾಗಕ್ಕೆ ಐಪಿಯನ್ನೇ ತುಂಬುತ್ತಿದ್ದವು.

ಬೇರೆ ಭಾಷೆಗಳಲ್ಲೂ ಕಥೆ ಇದೇ. ಪಿಎಚ್‌ಪಿಯಲ್ಲಿ ರಿಮೋಟ್‌_ಹೋಸ್ಟ್ ತುಂಬಬೇಕಾದರೆ ಅಪಾಚೆಯಲ್ಲಿ ಹೋಸ್ಟ್‌ನೇಮ್‌ಲುಕಪ್ಸ್ ಆನ್ ಇರಬೇಕು, ಅದು ಆವೃತ್ತಿ 1.3ರಿಂದ ಆಫ್ ಆಗಿಯೇ ಬರುತ್ತದೆ. ಗೆಟ್‌ಹೋಸ್ಟ್‌ಬೈಆಡರ್ ಕರೆದು ನೀವೇ ಹುಡುಕಬಹುದು, ಸಿಗದಿದ್ದರೆ ಅದೂ ನೀವು ಕೊಟ್ಟ ಐಪಿಯನ್ನೇ ಹಿಂತಿರುಗಿಸುತ್ತದೆ. ಎಎಸ್‌ಪಿ ಡಾಟ್‌ನೆಟ್‌ನ ಯೂಸರ್‌ಹೋಸ್ಟ್‌ನೇಮ್ ಹೆಸರಿಗಷ್ಟೇ ಹೋಸ್ಟ್‌ನೇಮ್, ಸಾಮಾನ್ಯವಾಗಿ ಕೊಡುವುದು ವಿಳಾಸವನ್ನು. ಅಲ್ಲಿ ಡಿಎನ್‌ಎಸ್ ಕ್ಲಾಸಿನ ಗೆಟ್‌ಹೋಸ್ಟ್‌ಎಂಟ್ರಿ ಬಳಸಬೇಕು. ಪೈಥಾನ್‌ನಲ್ಲಿ ಸಾಕೆಟ್ ಮಾಡ್ಯೂಲಿನ ಗೆಟ್‌ಹೋಸ್ಟ್‌ಬೈಆಡರ್ ಇದೆ, ಹೆಸರು ಸಿಗದಿದ್ದರೆ ಎಕ್ಸೆಪ್ಶನ್ ಎಸೆಯುತ್ತದೆ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಪ್ರಾಮಾಣಿಕ ರೀತಿ. ಹೆಸರು ಕೇಳಿದವನ ಕೈಗೆ ಅಂಕಿ ಕೊಟ್ಟು ಸುಮ್ಮನಾದರೆ ಕೆಳಗಿನ ಕೋಡಿಗೆ ಲುಕಪ್ ಸೋತದ್ದು ತಿಳಿಯುವುದೇ ಇಲ್ಲ.

ಸೆಟ್ಟಿಂಗ್ ಆನ್ ಮಾಡಿದ ಮೇಲೂ ಅಂಕಿ ಬಂದರೆ ಸರ್ವರ್ ಯಂತ್ರದಲ್ಲೇ ಕೂತು ಕೇಳಿ, ನಿಮ್ಮ ಲ್ಯಾಪ್‌ಟಾಪಿನಿಂದ ಬೇಡ. ಎನ್‌ಎಸ್‌ಲುಕಪ್ ಎಂಬ ಆದೇಶಕ್ಕೆ ಆ ವಿಳಾಸ ಕೊಡಿ. ಲಿನಕ್ಸ್ ಆದರೆ ‘ಗೆಟ್‌ಎಂಟ್ ಹೋಸ್ಟ್ಸ್’ ಕೂಡ ಕೇಳಿ ನೋಡಿ. ಮೊದಲನೆಯದು ಡಿಎನ್‌ಎಸ್ ಅನ್ನು ಮಾತ್ರ ಕೇಳುತ್ತದೆ, ಎರಡನೆಯದು ಹೋಸ್ಟ್ಸ್ ಫೈಲನ್ನೂ ಸೇರಿಸಿ ಆ ಯಂತ್ರ ನಿಜವಾಗಿ ಯಾವ ಕ್ರಮದಲ್ಲಿ ಹುಡುಕುತ್ತದೋ ಹಾಗೆ ಹುಡುಕುತ್ತದೆ. ಎರಡರಲ್ಲೂ ಹೆಸರಿಲ್ಲದಿದ್ದರೆ ಪಿಟಿಆರ್ ದಾಖಲೆಗಳನ್ನು ಇಡುವ ರಿವರ್ಸ್ ಝೋನ್ ಇದೆಯೇ ನೋಡಿ. ವಿಂಡೋಸ್ ಡಿಎನ್‌ಎಸ್ ಸರ್ವರಿನಲ್ಲಿ ಅದನ್ನು ಕೈಯಾರೆ ಸೇರಿಸಲು ಮರೆತಿರುವ ಕಚೇರಿಗಳನ್ನು ನಾನು ಬಹಳ ನೋಡಿದ್ದೇನೆ.

ಇನ್ನೊಂದು ಸಂಗತಿ ಜಾವಾದವರಿಗೆ. ಎನ್‌ಎಸ್‌ಲುಕಪ್‌ನಲ್ಲಿ ಹೆಸರು ಸ್ಪಷ್ಟವಾಗಿ ಬರುತ್ತದೆ, ನಿಮ್ಮ ಕೋಡಿನಲ್ಲಿ ಮಾತ್ರ ಅಂಕಿ. ಗಾಬರಿ ಬೀಳಬೇಡಿ. ಜಾವಾದ ಇನೆಟ್‌ಅಡ್ರೆಸ್ ಕ್ಲಾಸ್ ಸಿಕ್ಕ ಹೆಸರನ್ನು ತಿರುಗಿ ಕೇಳುತ್ತದೆ: ಈ ಹೆಸರಿನ ವಿಳಾಸ ಯಾವುದು? ಉತ್ತರದಲ್ಲಿ ಮೊದಲಿನ ವಿಳಾಸ ಇಲ್ಲದಿದ್ದರೆ ಹೆಸರನ್ನು ಬಿಟ್ಟು ಅಂಕಿ ಕೊಡುತ್ತದೆ. ಅಂದರೆ ಪಿಟಿಆರ್ ದಾಖಲೆಗೂ ಹೆಸರಿನಿಂದ ವಿಳಾಸ ಹೇಳುವ ‘ಎ’ ದಾಖಲೆಗೂ ತಾಳೆ ಇಲ್ಲ ಎಂದರ್ಥ. ಅಪಾಚೆಯಲ್ಲಿ ಹೋಸ್ಟ್‌ನೇಮ್‌ಲುಕಪ್ಸ್‌ಗೆ ‘ಡಬಲ್’ ಎಂದು ಕೊಟ್ಟರೆ ಇದೇ ತಾಳೆ ನಡೆಯುತ್ತದೆ.

ಪುಟ ತೆರೆಯಲು ತಡ

ಇದನ್ನು ಬೇಗ ಮುಗಿಸುತ್ತೇನೆ. ಲಿನಕ್ಸಿನ ರಿಸಾಲ್ವ್.ಕಾನ್ಫ್ ಫೈಲಿನಲ್ಲಿ ಮೊದಲ ಸಾಲಿನ ಡಿಎನ್‌ಎಸ್ ಸರ್ವರ್ ಸತ್ತಿದ್ದರೆ, ಬೇರೆ ಸೆಟ್ಟಿಂಗ್ ಇಲ್ಲದಾಗ 5 ಸೆಕೆಂಡ್ ಕಾದು ಎರಡನೆಯದಕ್ಕೆ ಹೋಗುತ್ತದೆ. ಎರಡೂ ಸತ್ತಿದ್ದರೆ ಇಡೀ ಸುತ್ತು ಎರಡು ಸಲ, ಒಟ್ಟು 20 ಸೆಕೆಂಡ್. ನಮ್ಮಲ್ಲಿ ತೆಗೆದುಹಾಕಿದ್ದ ಹಳೆಯ ಸರ್ವರಿನ ವಿಳಾಸ ಮೊದಲ ಸಾಲಿನಲ್ಲೇ ಉಳಿದಿತ್ತು. ಅದರ ಮೇಲೆ ರಿಮೋಟ್‌ಐಪಿವಾಲ್ವ್‌ನ ಹೊಸ ಆವೃತ್ತಿ, ಲುಕಪ್ ಆನ್ ಇದ್ದರೆ, ಕೋಡ್ ಕೇಳಲಿ ಬಿಡಲಿ ಪ್ರತಿ ವಿನಂತಿಗೂ ಹೆಸರು ಹುಡುಕುತ್ತದೆ. ಪುಟ, ಸ್ಟೈಲ್‌ಶೀಟ್, ಚಿತ್ರ, ಪ್ರತಿಯೊಂದಕ್ಕೂ 5 ಸೆಕೆಂಡ್. ಟ್ರ್ಯಾಕ್ಟರುಗಳು ಗೇಟಿನಿಂದ ರಸ್ತೆಯವರೆಗೆ ಸಾಲು ಹಚ್ಚಿದಾಗ ಈ 5 ಸೆಕೆಂಡ್ ಬಹಳ ದೊಡ್ಡದು. ಸತ್ತ ಸಾಲು ಅಳಿಸಿದರೆ ತಡ ಹೋಗುತ್ತದೆ. ಆದರೆ ವಿನಂತಿ ಕಾಯುತ್ತಿರುವಾಗ ಲುಕಪ್ ಮಾಡುವುದೇ ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಿಳಾಸ ಬರೆದಿಟ್ಟುಕೊಂಡು, ಹೆಸರನ್ನು ಆಮೇಲೆ ಬೇರೆ ಕೆಲಸವಾಗಿ ಹುಡುಕಿಸಿ.

ತಪ್ಪು ಹೆಸರು

ಈಗ ಆ ಹುಡುಗನ ಚೀಟಿಗೆ ಬರುತ್ತೇನೆ. ಅವನ ಕೈಯಲ್ಲಿದ್ದ ಚೀಟಿಯಲ್ಲಿ 192.168.10.41. ಮುನೀಮರ ಕೈಯಲ್ಲಿದ್ದವುಗಳಲ್ಲಿ ಕಾಟಾ-1. ಗೇಟಿನ ಕಂಪ್ಯೂಟರ್ ಸೂಪರ್ ಮಾರ್ಕೆಟಿನ ರಿಪೇರಿ ಅಂಗಡಿಯಲ್ಲಿ ಬಿಚ್ಚಿಟ್ಟುಕೊಂಡು ಬಿದ್ದಿತ್ತು. ಅದರ ಬದಲಿಗೆ ಗೇಟಿನಲ್ಲಿ ಇಟ್ಟಿದ್ದು ಒಂದು ಸ್ಪೇರ್ ಲ್ಯಾಪ್‌ಟಾಪ್. ಹಾಗಾದರೆ ಕಾಟಾ-1 ಎಂಬ ಹೆಸರಿನಲ್ಲಿ ಅಚ್ಚು ಹಾಕುತ್ತಿರುವುದು ಯಾವುದು?

ಡಿಎನ್‌ಎಸ್ ಅನ್ನು ಕೇಳಿದೆ. ಕಾಟಾ-1ರ ವಿಳಾಸ 192.168.10.27 ಎಂದಿತು. ಉಲ್ಟಾ ಕೇಳಿದೆ, 27 ಅಂದರೆ ಕಾಟಾ-1 ಎಂದಿತು. ಎರಡೂ ತಾಳೆ. ಜಾವಾ ಮಾಡುವ ಆ ಮರುಪರೀಕ್ಷೆಯೂ ಇಲ್ಲಿ ಪಾಸಾಗುತ್ತದೆ. ಎರಡು ದಾಖಲೆ ಒಂದೇ ಸುಳ್ಳು ಹೇಳಿದರೆ ಅವನ್ನು ಒಂದಕ್ಕೊಂದು ತಾಳೆ ನೋಡಿ ಪ್ರಯೋಜನವಿಲ್ಲ. ಡಿಎನ್‌ಎಸ್ ಬಿಟ್ಟು ಹೊರಗಿನ ಸಾಕ್ಷಿ ಬೇಕು.

ಆ ಸಾಕ್ಷಿ ಎಆರ್‌ಪಿ ಪಟ್ಟಿ: ಯಾವ ಐಪಿ ವಿಳಾಸ ಯಾವ ಮ್ಯಾಕ್ ನಂಬರಿನದು, ಅಂದರೆ ಯಾವ ನೆಟ್‌ವರ್ಕ್ ಕಾರ್ಡಿನದು ಎಂದು ಅದು ತೋರಿಸುತ್ತದೆ. ಸರ್ವರಿನಿಂದ 192.168.10.27ಕ್ಕೆ ಪಿಂಗ್ ಕಳಿಸಿದೆ, ಉತ್ತರ ಬಂತು. ರಿಪೇರಿ ಅಂಗಡಿಯಲ್ಲಿ ಬಿಚ್ಚಿಟ್ಟ ಕಂಪ್ಯೂಟರ್ ಉತ್ತರ ಕೊಡುವುದೆಂತು! ‘ಐಪಿ ನೇಬರ್’ ಆದೇಶ ಕೊಟ್ಟು ಆ ವಿಳಾಸದ ಮುಂದಿರುವ ಮ್ಯಾಕ್ ನಂಬರನ್ನು ಕಾಗದದ ಮೇಲೆ ಬರೆದುಕೊಂಡೆ. ಆಮೇಲೆ ಕಾಗದ ಹಿಡಿದು ಅಂಗಳದಲ್ಲಿ ನಡೆದೆ. ಗೋದಾಮಿನ ಹಿಂದಿನ ಕಾಟಾ-2ರ ಖೋಲಿಯಲ್ಲಿ ಹೊಸ ಕಂಪ್ಯೂಟರ್ ಇತ್ತು, ಪ್ಲಾಸ್ಟಿಕ್ ಹೊದಿಕೆ ಇನ್ನೂ ಪೂರ್ತಿ ತೆಗೆದಿರಲಿಲ್ಲ. ಕಮಾಂಡ್ ಕಿಟಕಿ ತೆರೆದು ‘ಐಪಿಕಾನ್ಫಿಗ್ ಆಲ್’ ಹೊಡೆದೆ. ಕಾಗದದ ಮೇಲಿನ ಹನ್ನೆರಡು ಅಕ್ಷರವೂ ಕೂಡಿದವು. ವಿಳಾಸ 192.168.10.27. ಹೋಸ್ಟ್‌ನೇಮ್ ಮಾತ್ರ ಡೆಸ್ಕ್‌ಟಾಪ್ ಎಂದು ಶುರುವಾಗುವ, ವಿಂಡೋಸ್ ತಾನೇ ಇಟ್ಟುಕೊಂಡ ಯಾವುದೋ ಹೆಸರು. ಈ ಎಆರ್‌ಪಿ ಪರೀಕ್ಷೆ ಸರ್ವರೂ ಕಂಪ್ಯೂಟರೂ ಒಂದೇ ಸಬ್‌ನೆಟ್‌ನಲ್ಲಿ (ಜಾಲದ ಒಂದೇ ತುಂಡಿನಲ್ಲಿ) ಇದ್ದರೆ ಮಾತ್ರ ನಡೆಯುತ್ತದೆ. ನಡುವೆ ರೂಟರ್ ಇದ್ದರೆ ಆ ರೂಟರಿನಲ್ಲೇ ಹೋಗಿ ನೋಡಬೇಕು.

ಹೇಗಾಯಿತು ಎಂಬುದು ಆಮೇಲೆ ಒಂದೊಂದಾಗಿ ಬಿಚ್ಚಿತು. ಮಿಲ್ಲಿನಲ್ಲಿ ಐಪಿ ವಿಳಾಸ ಹಂಚುವುದು ರೂಟರ್. ಹೆಸರು ಬರೆದುಕೊಳ್ಳುವುದು ವಿಂಡೋಸ್ ಸರ್ವರಿನ ಡಿಎನ್‌ಎಸ್. ಎರಡಕ್ಕೂ ಮಾತುಕತೆ ಇಲ್ಲ. ಹೀಗಿದ್ದಾಗ ಡೊಮೇನಿಗೆ, ಅಂದರೆ ವಿಂಡೋಸ್ ಸರ್ವರ್ ನಂಬುವ ಕಂಪ್ಯೂಟರುಗಳ ಗುಂಪಿಗೆ, ಸೇರಿದ ವಿಂಡೋಸ್ ಕಂಪ್ಯೂಟರ್ ತನ್ನ ಎ ಮತ್ತು ಪಿಟಿಆರ್ ದಾಖಲೆ ಎರಡನ್ನೂ ತಾನೇ ಹೋಗಿ ಡಿಎನ್‌ಎಸ್‌ನಲ್ಲಿ ಬರೆಸುತ್ತದೆ. ಗೇಟಿನ ಕಂಪ್ಯೂಟರ್ ಬರೆಸಿತ್ತು. ಅದು ರಿಪೇರಿಗೆ ಹೋಯಿತು, ರೂಟರಿನಲ್ಲಿ ಅದರ ಲೀಸ್ (ವಿಳಾಸ ಬಳಸುವ ಅವಧಿ) ಮುಗಿಯಿತು, 27 ಖಾಲಿ ಆಯಿತು. ಅದೇ ವಾರ ಬಂದ ಕಾಟಾ-2ರ ಹೊಸ ಕಂಪ್ಯೂಟರಿಗೆ ರೂಟರ್ ಆ ಖಾಲಿ 27 ಅನ್ನು ಕೊಟ್ಟಿತು. ಹೊಸದನ್ನು ಯಾರೂ ಡೊಮೇನಿಗೆ ಸೇರಿಸಿರಲಿಲ್ಲ. ಸುರಕ್ಷಿತ ಅಪ್‌ಡೇಟ್ ಮಾತ್ರ ಒಪ್ಪುವ ಡಿಎನ್‌ಎಸ್ ಇಂಥ ಕಂಪ್ಯೂಟರಿನ ಮಾತು ಕೇಳುವುದಿಲ್ಲ, ಹಾಗಾಗಿ ಹಳೆಯ ದಾಖಲೆ ಹಾಗೆಯೇ ಉಳಿಯಿತು. ಹೊಲ ಕೈ ಬದಲಾಯಿಸಿತ್ತು, ಮ್ಯುಟೇಶನ್ ಆಗಿರಲಿಲ್ಲ. ಗೇಟಿನ ಸ್ಪೇರ್ ಲ್ಯಾಪ್‌ಟಾಪಿಗೆ ಸಿಕ್ಕ 41ರ ಮುಂದೆ ಯಾವ ಹೆಸರೂ ಇರಲಿಲ್ಲ, ಅದಕ್ಕೆ ಬರೇ ನಂಬರ್.

ಡಿಎನ್‌ಎಸ್ ಮ್ಯಾನೇಜರಿನಲ್ಲಿ ಪಿಟಿಆರ್ ದಾಖಲೆಯ ಟೈಮ್‌ಸ್ಟ್ಯಾಂಪ್ ತೆರೆದೆ. ಗೇಟಿನ ಕಂಪ್ಯೂಟರ್ ಅಂಗಡಿಗೆ ಹೋದ ದಿನಕ್ಕಿಂತ ಹಿಂದಿನದು. ರೂಟರಿನ ಲೀಸ್ ಪಟ್ಟಿಯಲ್ಲಿ 27ರ ಮುಂದೆ ಹೊಸ ಮ್ಯಾಕ್. ಈ ಎರಡು ತೆರೆಗಳನ್ನೂ ಅಚ್ಚು ಹಾಕಿ, ಮ್ಯಾಕ್ ಬರೆದ ಕಾಗದದ ಜೊತೆ ಮುನೀಮರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಮೂರನ್ನೂ ಬಹಳ ಹೊತ್ತು ನೋಡಿದರು. ಹುಡುಗನನ್ನು ಕರೆದು, “ಕೂಡ್ರು ತಮ್ಮಾ, ಚಹಾ ಕುಡಿ” ಅಂದರು. ತೂಕದ ವ್ಯತ್ಯಾಸಕ್ಕೆ ಬೇರೆ ಕಾರಣವಿತ್ತು. ಗೋದಾಮಿನ ಹಿಂದಿರುವ ಕಾಟಾ-2ರ ಪ್ಲಾಟ್‌ಫಾರ್ಮಿನ ಸಂದಿಯಲ್ಲಿ ಮಣ್ಣು, ಸಣ್ಣ ಕಲ್ಲು ಸೇರಿ ಪ್ಲೇಟ್ ಕಚ್ಚಿಕೊಳ್ಳುತ್ತಿತ್ತು. ಅಲ್ಲಿನ ಆಪರೇಟರನದೂ ತಪ್ಪಿರಲಿಲ್ಲ.

ದುರಸ್ತಿ

ಹಳೆಯ ದಾಖಲೆ ಅಳಿಸಿ, ಹೊಸ ಕಂಪ್ಯೂಟರನ್ನು ಡೊಮೇನಿಗೆ ಸೇರಿಸಿ, ಹೆಸರಿಟ್ಟರೆ ಚೀಟಿ ಸರಿಯಾಗುತ್ತಿತ್ತು. ಮುಂದಿನ ರಿಪೇರಿಯವರೆಗೆ. ಡಿಎನ್‌ಎಸ್‌ನಲ್ಲಿ ಹಳೆಯ ದಾಖಲೆಗಳನ್ನು ತಾನೇ ಅಳಿಸುವ ಸ್ಕ್ಯಾವೆಂಜಿಂಗ್ ಆನ್ ಮಾಡಿದೆ, ಅದು ಮೊದಲಿನಿಂದ ಆಫ್ ಇರುತ್ತದೆ. ಆದರೆ ಅದರ ಎರಡು ಅವಧಿಗಳು ತಲಾ 7 ದಿನ, ಹಳೆಯ ಹೆಸರು ಹೋಗಲು ಎರಡು ವಾರಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಸುಗ್ಗಿಯಲ್ಲಿ ಎರಡು ವಾರಕ್ಕೆ ಎಷ್ಟು ಚೀಟಿ! ರೂಟರಿನಲ್ಲಿ ಕಾಟಾಗಳ ಮ್ಯಾಕ್ ನಂಬರಿಗೆ ವಿಳಾಸ ಕಾದಿರಿಸಿದೆ, ಒಳ್ಳೆಯದೇ. ಸ್ಪೇರ್ ಲ್ಯಾಪ್‌ಟಾಪ್ ಬಂದ ದಿನ ಅದೂ ಸಾಲದು.

ಮೂಲ ತಪ್ಪು ಬೇರೆ ಕಡೆ ಇತ್ತು. ಯಾರು ತೂಗಿದರು ಎಂಬ ಪ್ರಶ್ನೆಗೆ ನಾನು ಹೋಸ್ಟ್‌ನೇಮ್ ಅನ್ನು ಉತ್ತರವಾಗಿ ಇಟ್ಟಿದ್ದೆ. ಎಲ್ಲ ಕಾಟಾಗಳಲ್ಲೂ ಒಂದೇ ಲಾಗಿನ್, ಪಾಸ್‌ವರ್ಡ್ ಮಾನಿಟರಿನ ಅಂಚಿಗೆ ಅಂಟಿಸಿತ್ತು. ಮೊದಲು ಅದನ್ನು ಮುರಿದೆ. ಈಗ ಪ್ರತಿ ಆಪರೇಟರನಿಗೂ ತನ್ನದೇ ಲಾಗಿನ್.

ಯಂತ್ರದ ಗುರುತಿಗೆ ಬೇರೆ ದಾರಿ ಹಿಡಿದೆ. ಕಾಟಾದ ಇಂಡಿಕೇಟರಿನಿಂದ ಆರ್‌ಎಸ್-232 ಕೇಬಲ್ ಮೂಲಕ ತೂಕ ಓದುವ ಒಂದು ಸಣ್ಣ ಪ್ರೋಗ್ರಾಂ ಆಗಲೇ ಪ್ರತಿ ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಯಂತ್ರದ ಒಳಗೇ ಇರುವ ಪ್ರೋಗ್ರಾಂಗೆ ಯಂತ್ರದ ಹೆಸರು ಗೊತ್ತು, ಯಾರನ್ನೂ ಕೇಳಬೇಕಿಲ್ಲ. ಸೂಪರ್‌ವೈಸರ್ ಬಂದು ಒಮ್ಮೆ ನೋಂದಣಿ ಮಾಡಿದಾಗ ಸರ್ವರ್ ಒಂದು ರಹಸ್ಯ ಕೀ ಕೊಡುತ್ತದೆ. ಅಲ್ಲಿಂದ ಮುಂದೆ ಆ ಪ್ರೋಗ್ರಾಂ ತೂಕ, ಕಾಟಾದ ಹೆಸರು ಮತ್ತು ಆ ಕೀಯಿಂದ ಮಾಡಿದ ಸಹಿ ಕಳಿಸುತ್ತದೆ. ನೋಂದಣಿ ಇಲ್ಲದ ಕಂಪ್ಯೂಟರಿನಿಂದ ಬಂದರೆ ಚೀಟಿಯ ಮೇಲೆ ‘ನೋಂದಣಿ ಇಲ್ಲದ ಕಂಪ್ಯೂಟರ್’ ಎಂದೇ ಅಚ್ಚಾಗುತ್ತದೆ. ಊಹೆಯ ಹೆಸರಿಗಿಂತ ಅದು ಮೇಲು. ಇಂಥ ಪ್ರೋಗ್ರಾಂ ಕೂರಿಸಲು ಆಗದ ಕಡೆ ಕ್ಲೈಂಟ್ ಸರ್ಟಿಫಿಕೇಟ್ (ಕಂಪ್ಯೂಟರಿಗೆ ಕೊಡುವ ಗುರುತುಪತ್ರ) ಬಳಸಿ. ಅದೂ ಹೆಚ್ಚಾಯಿತು ಅನಿಸಿದರೆ ನೋಂದಣಿಯ ಹೊತ್ತಿಗೆ ಬ್ರೌಸರಿನಲ್ಲಿ ಊಹಿಸಲಾಗದ ಟೋಕನ್ನಿನ ಕುಕಿ ಇಡಿ. ಕುಕಿ ಅಳಿಸಿದರೆ ಮತ್ತೆ ನೋಂದಣಿ ಮಾಡಬೇಕಾಗುತ್ತದೆ, ಅಷ್ಟು ತೊಂದರೆ ಒಪ್ಪಿಕೊಳ್ಳಬಹುದು.

ನೆಹರು ಗಂಜ್ ಮಾರುಕಟ್ಟೆಯಿಂದ ಮೊಬೈಲಿನಲ್ಲಿ ಚೀಟಿ ನೋಡುವ ಅಡತಿಯವರ (ದಲಾಲಿ ವ್ಯಾಪಾರಿಗಳ) ವಿಷಯದಲ್ಲಿ ಹೋಸ್ಟ್‌ನೇಮ್‌ನ ಆಸೆಯನ್ನೇ ಬಿಟ್ಟೆ. ಮೊಬೈಲ್ ಕಂಪನಿಗಳು ಒಂದೇ ಹೊರ ವಿಳಾಸದ ಹಿಂದೆ ಬಹಳ ಜನರನ್ನು ಕೂರಿಸುತ್ತವೆ. ಅದಕ್ಕೆಂದೇ 2012ರ ಆರ್‌ಎಫ್‌ಸಿ 6598ರಲ್ಲಿ 100.64.0.0/10 ಎಂಬ ಪಟ್ಟಿಯನ್ನು ಬೇರೆ ತೆಗೆದಿಟ್ಟಿದ್ದಾರೆ. ಆ ಹೊರ ವಿಳಾಸಕ್ಕೆ ಹೆಸರು ಸಿಕ್ಕರೂ ಅದು ಕಂಪನಿಯ ಹೆಸರು, ವ್ಯಾಪಾರಿಯದಲ್ಲ. ಅವರಿಗೆ ಲಾಗಿನ್ ಸಾಕು.

ಹೋಸ್ಟ್‌ನೇಮ್ ಅನ್ನು ಪೂರ್ತಿ ತೆಗೆದಿಲ್ಲ. ರಾತ್ರಿ ಓಡುವ ಒಂದು ಕೆಲಸ ಆ ದಿನದ ವಿಳಾಸಗಳಿಗೆ ಹೆಸರು ಹುಡುಕಿ, ಹುಡುಕಿದ ವೇಳೆಯ ಸಮೇತ ಬರೆದಿಡುತ್ತದೆ. ಮೊದಲು ‘ಕಂಪ್ಯೂಟರ್’ ಎಂದಿದ್ದ ಕಾಲಂ ಹೆಸರನ್ನು ‘ಡಿಎನ್‌ಎಸ್ ಹೇಳಿದ ಹೆಸರು’ ಎಂದು ಬದಲಿಸಿದೆ. ಮುಂದೆ ವರದಿ ಓದುವವರು ನನ್ನ ಹಾಗೆ ಅದನ್ನು ಯಂತ್ರದ ಗುರುತು ಎಂದು ತಿಳಿಯಬಾರದು.

ಹಳೆಯ ಚೀಟಿಗಳು ಉಳಿದಿದ್ದವು. ವಿಳಾಸ ಉಳಿಸಿರಲಿಲ್ಲವಲ್ಲ, ಎಂಜಿನ್‌ಎಕ್ಸಿನ ಆಕ್ಸೆಸ್ ಲಾಗ್ ತೆಗೆದು ವೇಳೆಗೆ ವೇಳೆ ಕೂಡಿಸಿ, ಆ ದಿನಗಳಲ್ಲಿ 27ರಿಂದ ಬಂದ ಪ್ರತಿ ಚೀಟಿಯ ಮುಂದೆ ಕಾಟಾ-2 ಎಂದು ತಿದ್ದುಪಡಿ ಬರೆದೆವು. ಅಚ್ಚಾದ ಮೂಲ ಸಾಲನ್ನು ಅಳಿಸಲಿಲ್ಲ, ಪಕ್ಕದಲ್ಲಿ ಟಿಪ್ಪಣಿ ಹಾಕಿದೆವು.

ಕೊನೆಯ ಪರೀಕ್ಷೆ ಹೀಗೆ ಮಾಡಿ, ನಾವು ಮಾಡಿದ್ದೂ ಹೀಗೆಯೇ. ಎರಡು ಕಾಟಾಗಳಿಗೂ ರೂಟರಿನಲ್ಲಿ ವಿಳಾಸ ಅದಲು ಬದಲು ಮಾಡಿ. ಡಿಎನ್‌ಎಸ್ ದಾಖಲೆಗಳನ್ನು ಬೇಕೆಂದೇ ಹಳೆಯದಾಗಿ ಬಿಡಿ. ಎರಡೂ ಕಡೆಯಿಂದ ಒಂದೊಂದು ಚೀಟಿ ತೆಗೆಯಿರಿ. ಕಾಟಾದ ಹೆಸರು ಬದಲಾಗಬಾರದು, ‘ಡಿಎನ್‌ಎಸ್ ಹೇಳಿದ ಹೆಸರು’ ಮಾತ್ರ ತಪ್ಪಾಗಿ ಬರಬೇಕು. ಗೇಟಿನ ಕಡೆ ಚೀಟಿ ತೆಗೆದದ್ದು ಆ ಹುಡುಗನೇ. ಪ್ರಿಂಟರಿನಿಂದ ಕಾಗದ ಹರಿದು, ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ಓದಿದ: “ಕಾಟಾ-1, ಮತ್ತ ನನ್ನ ಹೆಸರೂ ಬಂದದ್ರಿ ಸರ್.”